ದೊಡ್ಡ ರೇಸ್‌ನಲ್ಲಿ ಕುದುರೆಗಳು ಜಾಸ್ತಿ ಇದ್ದರೆ ಪೈಪೋಟಿಯೂ ಜೋರು ಅಂತ ಅರ್ಥವಾ?

ಇಲ್ಲ, ಸುಮ್ನೆ ತಲೆ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಪ್ಯಾರಿಸ್‌ನ ಲಾಂಗ್‌ಷಾನ್ ರೇಸ್‌ಕೋರ್ಸ್‌ನಲ್ಲಿ ಅಕ್ಟೋಬರ್ ಮೊದಲ ಭಾನುವಾರ ನಡೆಯುವ 2400 ಮೀಟರಿನ ಆರ್ಕ್ ರೇಸನ್ನೇ ನೋಡಿ. 2019ರಲ್ಲಿ ಓಡಿದ್ದು 12 ಕುದುರೆ ಮಾತ್ರ. ಆದರೆ ಹಿಂದಿನ ಎರಡೂ ವರ್ಷ ಗೆದ್ದಿದ್ದ ಎನೇಬಲ್ ಅದರಲ್ಲಿತ್ತು; ಕೊನೆಯಲ್ಲಿ ಅದು ಮುಂದೆ ನುಗ್ಗಿದಾಗ ಮೂರನೇ ಸಲವೂ ಗೆದ್ದೇಬಿಟ್ಟಿತು ಅಂದುಕೊಂಡವರಿಗೆ, ಒದ್ದೆ ನೆಲದಲ್ಲಿ ಹಿಂದಿನಿಂದ ಬಂದ ವಾಲ್ಡ್‌ಗೈಸ್ಟ್ ಶಾಕ್ ಕೊಟ್ಟಿತು.

ಅಂತರರಾಷ್ಟ್ರೀಯ ಪಟ್ಟಿಯಲ್ಲಿ ರೇಸಿನ ಮಟ್ಟ ಅಳೆಯುವುದು ಮೊದಲ ನಾಲ್ಕು ಸ್ಥಾನ ಪಡೆದ ಕುದುರೆಗಳ ರೇಟಿಂಗ್ (ಸಾಮರ್ಥ್ಯಕ್ಕೆ ಕೊಡುವ ಅಂಕ) ಸರಾಸರಿಯಿಂದ. ಹಿಂದೆ ಬಿದ್ದವು ಲೆಕ್ಕಕ್ಕಿಲ್ಲ. ನಾನಂತೂ ಇನ್ನೊಂದು ವಿಷಯ ನೋಡುತ್ತೇನೆ. ಆರ್ಕ್‌ನಲ್ಲಿ ಮೂರು ವರ್ಷದ ಕುದುರೆಗಳು ಹೊರುವ ತೂಕ ಕಡಿಮೆ, ಹಾಗಾಗಿ ಆ ವರ್ಷದ ಡರ್ಬಿ (ಮೂರು ವರ್ಷದ ಕುದುರೆಗಳ ದೊಡ್ಡ ರೇಸ್) ಗೆದ್ದ ಕುದುರೆಯೇನಾದರೂ ಬಂದರೆ ಹೆಚ್ಚು ವಯಸ್ಸಿನ ಕುದುರೆಗಳಿಗೆ ನಿಜಕ್ಕೂ ಕಷ್ಟ, ಅಲ್ವಾ?