ಪೆನ್ಸಿಲ್ ಕಡ್ಡಿಯ ರಿಯಾಕ್ಟರ್

ಪ್ರಶ್ನೆ: ಮೊದಲ ಅಣು ರಿಯಾಕ್ಟರನ್ನು ಗ್ರಾಫೈಟ್‌ನಿಂದ ಕಟ್ಟಿದರಂತೆ. ಅದು ಪೆನ್ಸಿಲ್ ಕಡ್ಡಿ ಅಲ್ವಾ? ಕೈ ಮೀರಿದರೆ ಏನು ಗತಿ?
– ಓದುಗರೊಬ್ಬರು, ಗದಗ

ಉತ್ತರ: ಹೌದು, ಅದೇ. ಹುಬ್ಬಳ್ಳಿಯ ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸವೆದ ಕಾರ್ಬನ್ ಬ್ರಷ್ (ಮೋಟಾರಿಗೆ ಕರೆಂಟ್ ಮುಟ್ಟಿಸುವ ಗ್ರಾಫೈಟ್ ತುಂಡು) ಬಿಚ್ಚಿದರೆ ಬೆರಳೆಲ್ಲ ಕಪ್ಪು. ಎರಡು ಸಲ ಸೋಪು ಹಚ್ಚಿದರೂ ಉಗುರಿನ ಸಂದಿಯದು ಹೋಗೋದಿಲ್ಲ. ಶಿಕಾಗೋದಲ್ಲಿ ಗ್ರಾಫೈಟ್‌ನ ಸುಮಾರು 45,000 ಇಟ್ಟಿಗೆ ಕತ್ತರಿಸಿ ಜೋಡಿಸಿದರು. ಆ ಕೆಲಸದವರ ಅವತಾರ ಊಹಿಸಿಕೊಳ್ಳಿ!

ಯುರೇನಿಯಂ ಪರಮಾಣು ಒಡೆಯುವುದು ನ್ಯೂಟ್ರಾನ್ ಎಂಬ ಕಣಗಳಿಂದ; ಅವು ನಿಧಾನವಾದಷ್ಟೂ ಒಡೆಯುವುದು ಸುಲಭ. ಗ್ರಾಫೈಟ್ ನ್ಯೂಟ್ರಾನ್‌ಗಳ ವೇಗ ತಗ್ಗಿಸುತ್ತದೆ. ಅದರಲ್ಲಿ ಚೂರೇ ಚೂರು ಬೋರಾನ್ ಇದ್ದರೂ ಅದು ನ್ಯೂಟ್ರಾನ್ ನುಂಗಿಬಿಡುತ್ತದೆ. ಹಾಗಾಗಿ ಶುದ್ಧ ಮಾಲೇ ಬೇಕೆಂದು ಭೌತವಿಜ್ಞಾನಿ ಲಿಯೋ ಸಿಲಾರ್ಡ್ ಹಟ ಹಿಡಿದರು. ಜರ್ಮನಿಯ ಪರೀಕ್ಷೆಯಲ್ಲಿ ಅಷ್ಟು ಶುದ್ಧವಲ್ಲದ ಗ್ರಾಫೈಟ್ ಫೇಲಾಯಿತು. ಜರ್ಮನರು ಅದೇ ಕೆಲಸಕ್ಕೆ ಭಾರಜಲದ (ಭಾರವಾದ ಹೈಡ್ರೋಜನ್ ಇರುವ ನೀರು) ಹಿಂದೆ ಬಿದ್ದರು.

1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಎನ್ರಿಕೊ ಫರ್ಮಿ ಆ ಇಟ್ಟಿಗೆಗಳ 57 ಪದರದ ರಾಶಿಯನ್ನು, ಅಂದರೆ ರಿಯಾಕ್ಟರನ್ನು, ನಡೆಸಿದರು. ಸಿಕ್ಕ ಶಕ್ತಿ ಅರ್ಧ ವ್ಯಾಟ್. ನಮ್ಮ ಅಂಗಡಿಯ ಬಲ್ಬಿಗೂ ಸಾಲದು.

ಕೈ ಮೀರಿದರೆ? ನ್ಯೂಟ್ರಾನ್ ಹೀರುವ ಕ್ಯಾಡ್ಮಿಯಂ ಸರಳೊಂದನ್ನು ಹಗ್ಗಕ್ಕೆ ಕಟ್ಟಿದ್ದರು. ಹಗ್ಗ ಕಡಿದು ಅದನ್ನು ರಾಶಿಯೊಳಗೆ ಬೀಳಿಸಲು ಭೌತವಿಜ್ಞಾನಿ ನಾರ್ಮನ್ ಹಿಲ್ಬೆರಿ ಕೊಡಲಿ ಹಿಡಿದು ನಿಂತಿದ್ದರು. ಅದೂ ಕೈಕೊಟ್ಟರೆ ಅಂತ ಮೂವರು ಕ್ಯಾಡ್ಮಿಯಂ ದ್ರಾವಣ ಸುರಿಯಲು ರಾಶಿಯ ಮೇಲೆ ಕಾದಿದ್ದರು. ನಮ್ಮಲ್ಲಿ ಫ್ಯೂಸ್ ಬದಲು ಸುಮ್ನೆ ತಂತಿ ಸುತ್ತುವವರೇ ಜಾಸ್ತಿ, ಬಿಡಿ.