ಮಸ್ತಾನಿ ಕುಡಿದರೆ ಹೊಟ್ಟೆ ಉಬ್ಬರ, ಮೊಸರಿಗೆ ಏನೂ ಇಲ್ಲ: ಪ್ರತಿಕ್ರಿಯೆ
ಹೆಚ್ಚಾಗಿ ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ, ಜೀರ್ಣವಾಗದ ತೊಂದರೆಯೇ ಇರಬೇಕು. ಪುಣೆಗೆ ಬಂದಮೇಲೆ ಮಸ್ತಾನಿ (ಐಸ್‌ಕ್ರೀಂ ಹಾಕಿದ ದಪ್ಪ ಮಿಲ್ಕ್‌ಶೇಕ್), ಬಾಸುಂದಿ ತಿಂದಾಗಲೆಲ್ಲ ಹೊಟ್ಟೆ ಉಬ್ಬರ, ಭೇದಿ, ಆದರೆ ಮೊಸರಿಗೆ ಏನೂ ಆಗುವುದಿಲ್ಲ ಅಂದಿದ್ದೀರಿ. ಹೆಪ್ಪಾದ ಮೊಸರಲ್ಲಿ ಲ್ಯಾಕ್ಟೋಸ್ ಕಮ್ಮಿ, ಅದಕ್ಕೇ.

ಮೊದಲು ಎರಡು ವಾರ ಹಾಲಿನದು ಏನೂ ಬೇಡ, ಚಹಾಕ್ಕೂ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಾಲಿನ ಪುಡಿ ಇದೆಯಾ ನೋಡಿ, ಯಾಮಾರಿಸುವುದು ಅದೇ. ಆಮೇಲೆ ರಜೆಯ ದಿನ ಖಾಲಿ ಹೊಟ್ಟೆಗೆ ದೊಡ್ಡ ಲೋಟ ಹಾಲು ಕುಡಿದು, ನಾಲ್ಕೈದು ಗಂಟೆ ಏನೂ ತಿನ್ನದೆ ಇರಿ. ಗುಡುಗುಡು, ಗ್ಯಾಸ್ ಶುರುವಾದರೆ ಇನ್ನೊಂದು ದಿನ ಲ್ಯಾಕ್ಟೋಸ್ ಇಲ್ಲದ ಹಾಲಿನಲ್ಲಿ ಇದನ್ನೇ ಮಾಡಿ. ಅದಕ್ಕೂ ಹಾಗೇ ಆದರೆ ಕಾರಣ ಬೇರೆ.

ಇದು ಖಾತ್ರಿ ಪರೀಕ್ಷೆ ಅಲ್ಲ. ಅದಕ್ಕೆ ಉಸಿರಿನ ಹೈಡ್ರೋಜನ್ ಟೆಸ್ಟ್ ಇದೆ, ಡಾಕ್ಟರನ್ನು ಕೇಳಿ. ಹಾಲು ಕುಡಿದಾಗ ಮೈಮೇಲೆ ದದ್ದು, ಉಸಿರಾಟದ ಕಷ್ಟ ಆಗುತ್ತಿದ್ದರೆ ಮನೆಯಲ್ಲಿ ಮಾಡಲೇಬೇಡಿ, ಅದು ಅಲರ್ಜಿ ಇರಬಹುದು.