ಬೇಲಿ ಆಚೆ ಬೋನು, ಈಚೆ ಕೋವಿ

ಅಮೆರಿಕದಲ್ಲಿ ಜಾಗ ಕೊಂಡು ಬೇಟೆಯ ಹುಚ್ಚು ಹಿಡಿಸಿಕೊಂಡ ಕನ್ನಡಿಗರಿಂದ ಕಾಡುಹಂದಿ ಬಗ್ಗೆ ಒಂದೇ ಥರದ ಪತ್ರಗಳು ಬರುತ್ತಲೇ ಇವೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ದಯವಿಟ್ಟು ಇಟ್ಟುಕೊಳ್ಳಿ.

ಪ್ರಶ್ನೆ: ಮಿಸೌರಿಯಲ್ಲಿ ನಮ್ಮ ಜಾಗದ ಬೇಲಿ ಆಚೆಯೇ ಮಾರ್ಕ್ ಟ್ವೈನ್ ನ್ಯಾಷನಲ್ ಫಾರೆಸ್ಟ್. ಅಲ್ಲಿ ಹಂದಿ ಬೇಟೆ ನಿಲ್ಲಿಸಿ ಸರ್ಕಾರದವರೇ ಬೋನಿಟ್ಟು ಹಿಡಿಯುತ್ತಿದ್ದಾರೆ. ಈಗ ನಮ್ಮ ಕಡೆಗೂ ಹಂದಿ ಬರುತ್ತಿಲ್ಲ. ಇದು ಪಕ್ಕದ ಬೇಟೆಗಾರರಿಗೆ ಅನ್ಯಾಯ ಅಲ್ವಾ ಸಾರ್? ಎಲ್ಲರಿಗೂ ಹೊಡೆಯಲು ಬಿಟ್ಟರೆ ಬೇಗ ಕಮ್ಮಿಯಾಗಲ್ವಾ?

ಹಂದಿ ಬರುತ್ತಿಲ್ಲ ಅಂದರೆ ಕೆಲಸ ಸರಿಯಾಗಿ ನಡೀತಿದೆ ಅಂತ. ಅದಕ್ಕೆ ಬೇಜಾರು ಯಾಕೆ? ಈ ಹಂದಿ ಅಮೆರಿಕದ ಕಾಡಿನದ್ದಲ್ಲ. ಯುರೋಪಿನವರು ಸಾಕಲು ತಂದದ್ದು ತಪ್ಪಿಸಿಕೊಂಡಿತು. ಆಮೇಲೆ ಬೇಟೆಯ ಆಸೆಗೆ ಇನ್ನಷ್ಟು ತಂದು ಬಿಟ್ಟರು. ಮಿಸೌರಿಯ ಸಂರಕ್ಷಣಾ ಇಲಾಖೆ ತನ್ನ ಜಾಗಗಳಲ್ಲಿ 2016ರಲ್ಲೇ ಹಂದಿ ಬೇಟೆ ನಿಲ್ಲಿಸಿತು. ಸುಮಾರು 15 ಲಕ್ಷ ಎಕರೆಯ ನಿಮ್ಮ ಪಕ್ಕದ ಕಾಡಿಗೂ ಕೆಲವು ವರ್ಷಗಳ ನಂತರ ಅದೇ ದಾರಿ. ಜಿಂಕೆ, ಟರ್ಕಿ ಕೋಳಿ ಸೀಸನ್ನಿನಲ್ಲಿ ಪರ್ಮಿಟ್ ಹಿಡಿದು ಹೋದವರಿಗೆ ಎದುರಾದ ಹಂದಿಗೆ ಮಾತ್ರ ವಿನಾಯಿತಿ ಇಟ್ಟರು. ಅದರ ಷರತ್ತುಗಳನ್ನು ಈ ವರ್ಷದ ನಿಯಮದಲ್ಲೇ ಓದಿಕೊಳ್ಳಿ, ಗೆಳೆಯರ ಬಾಯಲ್ಲಿ ಕೇಳಬೇಡಿ.

ಬೋನು ಅಂದಾಗ ನಮ್ಮೂರಲ್ಲಿ ಚಿರತೆಗೆ ಇಡುವ ಪೆಟ್ಟಿಗೆ ನೆನಪಾದರೆ ಬಿಟ್ಟುಬಿಡಿ. ಇದು ಇಡೀ ಗುಂಪು ಹಿಡಿಸುವಷ್ಟು ಅಗಲದ ಕಂಬಿ ಆವರಣ. ಮೊದಲು ಬರೀ ಮೆಕ್ಕೆಜೋಳ ಚೆಲ್ಲುತ್ತಾರೆ. ಎಷ್ಟು ಹಂದಿ, ಯಾವ ಹೊತ್ತಿಗೆ ಬರುತ್ತವೆ ಅಂತ ಕ್ಯಾಮೆರಾದಲ್ಲಿ ನೋಡುತ್ತಾರೆ. ಆಮೇಲೆ ಆವರಣ ನಿಲ್ಲಿಸಿ ಮತ್ತೆ ಕಾಯುತ್ತಾರೆ. ಮರಿಗಳು ಸೀದಾ ನುಗ್ಗುತ್ತವೆ. ಹಿರಿಯ ಹೆಣ್ಣು ಮಾತ್ರ ಬಾಗಿಲಲ್ಲೇ ನಿಂತು ಮೂಸುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಬರುತ್ತದೆ. ಅದು ಒಳಗೆ ಕಾಲಿಡುವ ತನಕ ಬಾಗಿಲು ಬೀಳಿಸುವಂತಿಲ್ಲ. ಉಳಿದುಹೋದರೆ ಮತ್ತೆ ಬೋನಿಗೆ ಬರುವುದು ಕಷ್ಟ, ಮರಿ ಹಾಕುವುದು ಮಾತ್ರ ಸುಲಭ. ವರ್ಷ ತುಂಬುವ ಮೊದಲೇ ಗಬ್ಬವಾಗಬಲ್ಲ ಪ್ರಾಣಿ ಇದು. ನಾಲ್ಕು ತಿಂಗಳೊಳಗೆ ಈಯುತ್ತದೆ, ಸೂಲಿಗೆ ಐದಾರು ಮರಿ.

ಈಗ ನೀವು ಬೇಲಿ ಈಚೆ ಕೂತು ಎರಡು ಹೊಡೆದಿರಿ ಅಂದುಕೊಳ್ಳಿ. ಜಾಗ ನಿಮ್ಮದು, ಕಾನೂನಿನ ಅಡ್ಡಿಯಿಲ್ಲ. ಆದರೆ ಉಳಿದ ಹದಿನೈದು ಚದುರಿ ಓಡುತ್ತವೆ. ರಾತ್ರಿ ಮಾತ್ರ ಮೇಯಲು ಕಲಿಯುತ್ತವೆ. ಆಚೆ ವಾರಗಟ್ಟಲೆ ಜೋಳ ಚೆಲ್ಲಿದವರ ಶ್ರಮ ನೀರುಪಾಲು. ಹಂದಿಗೆ ನಿಮ್ಮ ಸರ್ವೆ ಕಲ್ಲು ಕಾಣಲ್ಲ. ಸಂಖ್ಯೆ ಏರದಂತೆ ತಡೆಯಲು ವರ್ಷಕ್ಕೆ ನೂರಕ್ಕೆ 70ರಷ್ಟು ಹಂದಿ ತೆಗೆಯಬೇಕು ಎಂಬುದು ನಮ್ಮಲ್ಲಿ ಎಲ್ಲರೂ ಹೇಳುವ ಲೆಕ್ಕ. ಭಾನುವಾರದ ಕೋವಿಯಿಂದ ಅದು ಆಗಲ್ಲ. ಮಿಸೌರಿಯಲ್ಲಿ ಇಲಾಖೆಗಳು ಒಟ್ಟಾಗಿ 2020ರಲ್ಲಿ 12 ಸಾವಿರಕ್ಕೂ ಜಾಸ್ತಿ ತೆಗೆದವು, ಹೆಚ್ಚಿನವು ಬೋನಿನಲ್ಲೇ.

'ಎಲ್ಲರಿಗೂ ಬಿಟ್ಟರೆ ಕಮ್ಮಿಯಾಗುತ್ತದೆ' ಎಂಬ ಮಾತು ಕೇಳಿದರೆ ನನಗೆ ತಲೆ ಕೆಡುತ್ತದೆ. ಟೆನೆಸ್ಸಿ 1999ರಲ್ಲಿ ಅದನ್ನೇ ಮಾಡಿ ನೋಡಿತು. ಎಷ್ಟು ಬೇಕಾದರೂ ಹೊಡೆಯಿರಿ ಅಂದಿತು. ಆದದ್ದು ಏನು? ಹಿಂದೆ ಹಂದಿಯೇ ಇರದಿದ್ದ ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳ ಥರ) ಹಂದಿ ಎದ್ದವು. ಅವು ನಡೆದು ಹೋದವಲ್ಲ, ಷಿಕಾರಿಗೆ ಬೇಕು ಅಂತ ಜನರೇ ಟ್ರೈಲರಿನಲ್ಲಿ ತಂದು ಬಿಟ್ಟಿದ್ದು. 2011ರಲ್ಲಿ ಆ ರಾಜ್ಯ ಬಾಗಿಲು ಮುಚ್ಚಿತು. ಬೇಟೆಗೆ ಬೆಲೆ ಬಂದ ಕೂಡಲೇ ಹಂದಿ ಉಳಿಸಿಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ಇದನ್ನು ಒಪ್ಪಲು ನಮ್ಮ ಬೇಟೆಗಾರರಿಗೆ ಯಾಕೋ ಕಷ್ಟ.

ನೀವು ಮಾಡಬೇಕಾದದ್ದು ಇಷ್ಟೇ. ಹಂದಿ ಅಗೆದ ಮಣ್ಣು ಕಂಡರೆ ಕೋವಿ ತೆಗೆಯುವ ಮುಂಚೆ ಇಲಾಖೆಗೆ ಫೋನ್ ಮಾಡಿ. ಖಾಸಗಿ ಜಾಗಕ್ಕೂ ಪುಕ್ಕಟೆಯಾಗಿ ಬಂದು ಬೋನಿಡಲು ನೆರವಾಗುತ್ತಾರೆ. ನಾಯಿ ಬಿಟ್ಟು ಹಂದಿ ಓಡಿಸಬೇಡಿ, ನಾಯಿಗೂ ಸರ್ವೆ ಕಲ್ಲು ಕಾಣಲ್ಲ. ಮೇಲಾಗಿ ಹಂದಿಯಿಂದ ಸ್ಯೂಡೋರೇಬೀಸ್ ಎಂಬ ವೈರಸ್ ರೋಗ ಅಂಟಿದ ನಾಯಿ ಎರಡು ಮೂರು ದಿನದಲ್ಲೇ ಸಾಯುತ್ತದೆ, ಔಷಧಿ ಇಲ್ಲ. ನಷ್ಟದ ಲೆಕ್ಕ ಹಾಕುವಾಗ ಇನ್ನೊಂದನ್ನೂ ಸೇರಿಸಿ: ಹಂದಿ ಟರ್ಕಿಯ ಮೊಟ್ಟೆ ತಿನ್ನುತ್ತದೆ, ಜಿಂಕೆ ನಂಬಿಕೊಂಡ ಓಕ್ ಕಾಯಿಯನ್ನೂ ಬಾಚುತ್ತದೆ. ಹಂದಿ ಹೋದ ಕಾಡಿನಿಂದ ನಿಮ್ಮ ಕಡೆಗೆ ಬರುವುದು ಜಿಂಕೆ.

ಪ್ರಶ್ನೆ: ಜೋಳಕ್ಕೆ ವಿಷ ಬೆರೆಸಿಟ್ಟರೆ?

ಹಂದಿಗಿಂತ ಮುಂಚೆ ರಕೂನ್, ಕರಡಿ, ಪಕ್ಕದ ಮನೆ ನಾಯಿ ತಿನ್ನುತ್ತವೆ. ಅಪರಾಧ ಕೂಡ. ಇದನ್ನು ಹೇಳಿಕೊಡುವ ವೀಡಿಯೊ ಪಂಡಿತರನ್ನು ಮೊದಲು ಬೋನಿಗೆ ಹಾಕಬೇಕು.

ಪ್ರಶ್ನೆ: ಮಾಂಸ ಹೊಗೆ ಹಾಕಿ ಒಣಗಿಸಿದರೆ ರೋಗ ಹೋಗುತ್ತಂತೆ, ನಿಜವೇ?

ಸುಳ್ಳು. ಹೊಗೆ, ಉಪ್ಪು, ಫ್ರೀಜರ್ ಯಾವುದಕ್ಕೂ ಬ್ರುಸೆಲ್ಲಾ ಎಂಬ ರೋಗಾಣು ಸಾಯಲ್ಲ. ಕೊಯ್ಯುವಾಗ ರಬ್ಬರ್ ಗ್ಲೋವ್ಸ್ ಹಾಕಿ. ಬೇಯಿಸಿದ ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಥರ್ಮಾಮೀಟರ್ ಚುಚ್ಚಿ ನೋಡಿ.

ಪ್ರಶ್ನೆ (ಸಕಲೇಶಪುರದಿಂದ): ಅಲ್ಲಿ ಹೊಡೆಯಬಹುದು, ನಮ್ಮ ತೋಟದಲ್ಲಿ ಯಾಕೆ ಬೇಡ?

ನಿಮ್ಮ ಹಂದಿ ನಿಮ್ಮ ಕಾಡಿನದ್ದೇ, ಹುಲಿ ಚಿರತೆಗಳ ಊಟ. 1972ರ ವನ್ಯಜೀವಿ ಸಂರಕ್ಷಣಾ ಕಾನೂನೂ ಇದೆ. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಉರುಳು, ಸಿಡಿಮದ್ದಿನ ಬಗ್ಗೆ ನನ್ನ ಹತ್ತಿರ ಮಾತೇ ಎತ್ತಬೇಡಿ.

ಪ್ರಶ್ನೆ: ಟೆಕ್ಸಾಸಿನಲ್ಲಿ ಹೆಲಿಕಾಪ್ಟರಿನಿಂದ ಹೊಡೆಯಬಹುದಂತೆ?

ಹೌದು, 2011ರಿಂದ ದುಡ್ಡು ಕೊಟ್ಟು ಹತ್ತಬಹುದು. ಇಡೀ ದೇಶದಲ್ಲಿ ಹಂದಿ ಜಾಸ್ತಿ ಇರುವುದೂ ಅಲ್ಲೇ.